ಎಂಜಿನ್ ಕೋಣೆಯ ಹಿಂದಿನ ಗೋಡೆ

ಹಡಗು ಕೊಳ್ಳಲು ಬಂದವರು ಅಡುಗೆಮನೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ತೇಪೆ ಚೀಫರಿಗೆ ಅದು ವಿಚಿತ್ರವಾಗಿ ಕಂಡಿತು. ಮನೆ ಕೊಳ್ಳುವವರು ಮೊದಲು ಒಲೆ ನೋಡುತ್ತಾರೆ. ಇವರು ಒಲೆಯನ್ನೂ ಬಿಟ್ಟರು, ಮಲಗುವ ಬಂಕುಗಳನ್ನೂ ಬಿಟ್ಟರು. ನೆಟ್ಟಗೆ ಹಡಗಿನ ಹೊಟ್ಟೆಗೆ ಇಳಿದು, ಉಕ್ಕಿನ ಗೋಡೆಗಳನ್ನು ವೈದ್ಯರು ಬೆನ್ನು ತಟ್ಟುವಂತೆ ತಟ್ಟುತ್ತಾ ಹೊರಟರು.

ಈ ಫ್ರಿಗೇಟ್ ಯುದ್ಧನೌಕೆಯ ಎಂಜಿನ್ ಕೋಣೆಯಲ್ಲಿ ಚೀಫರ ಯೌವನವೆಲ್ಲ ಕಳೆದಿತ್ತು. ಎಲ್ಲಿ ನೀರು ಜಿನುಗಿದರೂ ಓಡಿಹೋಗಿ ತೇಪೆ ಹಾಕುತ್ತಿದ್ದುದರಿಂದ ಆ ಅಡ್ಡಹೆಸರು. ನಿವೃತ್ತರಾಗಿ ಕಾಲವಾಗಿತ್ತು. ಈಗ ಹಡಗು ಬೇರೊಂದು ದೇಶದ ನೌಕಾಪಡೆಗೆ ಮಾರಾಟವಾಗುತ್ತಿತ್ತು. ಅದರ ಮೂಲೆಮೂಲೆ ಬಲ್ಲವರು ಬೇಕೆಂದು ಹಳೆಯ ಕ್ಯಾಪ್ಟನ್ ಹೇಳಿಕಳಿಸಿದ್ದರು.

"ನನ್ನ ಮಂಡಿ ನೋವು ಅಂದ್ರೆ ನಿಮಗೆ ಕಿವಿ ಕೇಳ್ಸಲ್ಲ," ಎಂದಿದ್ದರು ಹೆಂಡತಿ, ಹಳೆಯ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಾ. "ಆ ಸವತಿ ಕೆಮ್ಮಿದ್ರೆ ಮಾತ್ರ ಎದ್ದು ಓಡ್ತೀರಿ."

"ಅವಳಿಗೆ ಹೊಸ ಮನೆ ಸಿಕ್ತಿದೆ ಕಣೇ. ಒಪ್ಪಿಸಿ ಬರ್ತೀನಿ."

"ಅಳೋದೆಲ್ಲ ಅಲ್ಲೇ ಮುಗಿಸ್ಕೊಂಡು ಬನ್ನಿ. ಮನೆಗೆ ತರ್ಬೇಡಿ." ಹಾಗೆನ್ನುತ್ತಲೇ ಜೇಬಿಗೆ ಎರಡು ಕರವಸ್ತ್ರ ತುರುಕಿದ್ದರು.

ಕೊಳ್ಳುವವರ ಮುಂದಾಳು ಒಬ್ಬ ಎಂಜಿನಿಯರ್ ಹುಡುಗಿ. ಇಲ್ಲೇ ಓದಿದವಳಾದ್ದರಿಂದ ಮಾತು ಸಲೀಸಾಗಿತ್ತು. ಕಡಿದಾದ ಕಬ್ಬಿಣದ ಏಣಿ ಬಂದಾಗಲೆಲ್ಲ ತಾನೇ ಮೊದಲು ಇಳಿದು, ಏನೋ ನೋಡುವ ನೆವದಲ್ಲಿ ಕೆಳಗೇ ನಿಂತಿರುತ್ತಿದ್ದಳು. ಮುದುಕರು ಜಾರಿದರೆ ಹಿಡಿಯಲು ಎಂದು ಚೀಫರಿಗೆ ಗೊತ್ತಾಯಿತು, ಗೊತ್ತಾಗದಂತೆ ಇದ್ದರು.

"ಈ ಕೋಣೆಗೆ ನೀರು ನುಗ್ಗಿದ್ರೆ ಮುಂದೆ ಎಲ್ಲಿಗೆ ಹೋಗುತ್ತೆ, ಅಜ್ಜ?"

ಪ್ರಶ್ನೆ ಅವರಿಗೆ ಹಿಡಿಸಿತು. "ಎಷ್ಟು ಎಣ್ಣೆ ಕುಡಿಯುತ್ತೆ ಅಂತ ಎಲ್ರೂ ಕೇಳ್ತಾರಮ್ಮ. ಮುಳುಗೋದರ ಬಗ್ಗೆ ಕೇಳೋರು ಬಹಳ ದಿನ ಬಾಳ್ತಾರೆ."

ಅವಳು ನಗಲಿಲ್ಲ.

ನಡೆಯುತ್ತಾ ಅವರು ಹಡಗಿನ ಚರಿತ್ರೆ ಹೇಳಿದರು. ಉರಿಯುತ್ತಿದ್ದ ತೈಲದ ಹಡಗನ್ನು ಹಗ್ಗ ಕಟ್ಟಿ ದಡಕ್ಕೆ ಎಳೆದು ತಂದದ್ದು. ಬಿರುಗಾಳಿಯಲ್ಲಿ ಮೀನುಗಾರರನ್ನು ಬಲೆಯೇಣಿಯಿಂದ ಮೇಲೆತ್ತಿದ್ದು. ಯುದ್ಧದಲ್ಲಿ ಮೂತಿಗೆ ಗುಂಡು ಬಡಿದರೂ ತಾನಾಗಿಯೇ ಬಂದರಿಗೆ ಮರಳಿದ್ದು. "ಒಬ್ಬನೇ ಒಬ್ಬ ಹುಡುಗನನ್ನೂ ನೀರಿಗೆ ಕೊಟ್ಟವಳಲ್ಲ," ಎಂದರು.

ಹೇಳದೆ ಬಿಟ್ಟದ್ದು ಒಂದಿತ್ತು. ಹಿಂದೊಮ್ಮೆ ಹಡಗು ಬಂಡೆಗೆ ಬಡಿದಾಗ ಎಂಜಿನ್ ಕೋಣೆಯ ಹಿಂದಿನ ಗೋಡೆ ಸೀಳಿತ್ತು. ದೊಡ್ಡವರ ಮುಂದೆ ನೌಕಾ ಪ್ರದರ್ಶನ ಹತ್ತಿರವಿದ್ದುದರಿಂದ ತೆಳು ತಗಡು ಬೆಸೆದು, ಬಣ್ಣ ಬಳಿದು ಮುಗಿಸಿದ್ದರು. ಒಂದು ಕೋಣೆ ತುಂಬಿದರೆ ಆ ಗೋಡೆ ಹಪ್ಪಳದಂತೆ ಮುರಿಯುತ್ತದೆ; ಆಮೇಲೆ ಹಡಗಿಗೆ ಉಳಿಗಾಲವಿಲ್ಲ. ಇದು ಗೊತ್ತಿದ್ದವರು ಕ್ಯಾಪ್ಟನ್ ಮತ್ತು ಚೀಫರು, ಇಬ್ಬರೇ.

"ಬಾಯಿ ಬಿಡ್ಬೇಡಿ, ಚೀಫ್," ಎಂದು ಕ್ಯಾಪ್ಟನ್ ಬೆಳಿಗ್ಗೆಯೇ ಎಚ್ಚರಿಸಿದ್ದರು. "ವ್ಯಾಪಾರ ಮುರಿದ್ರೆ ನೇರ ಗುಜರಿಗೆ. ಗ್ಯಾಸ್ ಕಟರ್ ಹಾಕಿ ಕತ್ತರಿಸ್ತಾರೆ. ನೋಡೋಕಾಗುತ್ತಾ ನಿಮ್ಗೆ?"

ಆಗುತ್ತಿರಲಿಲ್ಲ. ಯಾವ ಬಾವುಟದಡಿಯಾದರೂ ಸರಿ, ಅವಳು ಬದುಕಿದ್ದರೆ ಸಾಕಿತ್ತು.

ಆದರೆ ಮೇಲೆ ಹತ್ತಿ ಬಂದಾಗ ಆ ದೇಶದ ನಾವಿಕರು ಕಣ್ಣಿಗೆ ಬಿದ್ದರು. ಇನ್ನೂ ಮೀಸೆ ಸರಿಯಾಗಿ ಮೂಡದವರು. ಒಬ್ಬ ಇನ್ನೊಬ್ಬನ ಮಡಚಿಕೊಂಡಿದ್ದ ಕಾಲರನ್ನು, ಮಾತು ನಿಲ್ಲಿಸದೆಯೇ ಸರಿಪಡಿಸುತ್ತಿದ್ದ. ಚೀಫರು ಅಲ್ಲಿಂದಲೇ ಹಿಂದಿರುಗಿದರು.

"ಬಾಮ್ಮ, ಇನ್ನೊಂದ್ಸಲ ಕೆಳಗಿಳಿಯೋಣ."

ಗೋಡೆ ತೋರಿಸಿದರು. ತಗಡು ಎಲ್ಲಿಂದ ಎಲ್ಲಿಯವರೆಗೆ ಎಂದು ಬೆರಳಿನಿಂದ ಗೆರೆ ಎಳೆದರು. ಅವಳು ಅದರ ಮೇಲೆಯೇ ಸೀಮೆಸುಣ್ಣದಿಂದ ಗುರುತು ಹಾಕಿಕೊಂಡಳು.

"ನಿಮ್ಮ ಮಕ್ಕಳನ್ನ ಇದರ ಹಿಂದೆ ಮಲಗಿಸ್ಬೇಡಿ. ಕಿತ್ತು ಹೊಸದು ಹಾಕ್ಸಿ. ಆಗ್ದಿದ್ರೆ ಕೊಳ್ಳಲೇಬೇಡಿ." ಜೇಬಿನಿಂದ ಕರವಸ್ತ್ರ ತೆಗೆದರು. "ಗುಜರಿಗೆ ಹೋದ್ರೆ ಹೋಗ್ಲಿ."

ಎರಡನೆಯ ಕರವಸ್ತ್ರವೂ ಬೇಕಾಯಿತು. ಅವರು ಮುಖ ಒರೆಸಿಕೊಳ್ಳುವವರೆಗೂ ಅವಳು ಕೊಳವೆಗಳ ಕಡೆ ತಿರುಗಿ ನಿಂತಿದ್ದಳು. ಆಮೇಲೆ ಮೆಲ್ಲಗೆ ಹೇಳಿದಳು:

"ನಮ್ಮೋರು ಒಬ್ರೂ ಇದ್ರಲ್ಲಿ ಸಾಯಲ್ಲ, ಅಜ್ಜ. ಮಾತು ಕೊಡ್ತೀನಿ."

ವ್ಯಾಪಾರ ಮುರಿಯುತ್ತದೆಂದು ಅವರು ಎದೆ ಗಟ್ಟಿ ಮಾಡಿಕೊಂಡು ಕಾದರು. ಮುರಿಯಲಿಲ್ಲ. ಸಹಿ ಆಯಿತು.

"ನೋಡಿದ್ಯೇನೇ," ಎಂದರು ಹೆಂಡತಿಗೆ, ಮಗುವಿನಂತೆ ಹಿಗ್ಗಿ. "ನಿಜ ಹೇಳಿದ್ರೂ ತೇಲ್ತಾ ಇದ್ದಾಳೆ!"

"ನಿಮ್ಮ ಜನ್ಮದಲ್ಲಿ ಮೊದಲ್ನೇ ಸಲ," ಎಂದರು ಆಕೆ. ಆ ದಿನ ಬಡಿಸುವಾಗ ತಮ್ಮ ಪಾಲಿನದನ್ನೂ ಅವರ ತಟ್ಟೆಗೇ ಹಾಕಿದರು.

ಬೀಳ್ಕೊಡುಗೆಯ ದಿನ ಬ್ಯಾಂಡ್ ನುಡಿಯಿತು, ಹಳೆಯ ಬಾವುಟ ಇಳಿಯಿತು. ಹೊಸ ಬಾವುಟ ಏರಲಿಲ್ಲ. ಹಡಗಿನ ಪಕ್ಕೆಗೆ ಯಾರೋ ಕಿತ್ತಳೆ ಬಣ್ಣದ ದಪ್ಪ ಪಟ್ಟೆ ಬಳಿದಿದ್ದರು. ರುಚಿಯಿಲ್ಲದ ಜನ, ಎಂದುಕೊಂಡರು ಚೀಫರು. ಎಳೆಯುವ ದೋಣಿಯೊಂದು ಬಂದು ಮೂತಿಗೆ ಹಗ್ಗ ಬಿಗಿಯಿತು. ಆ ದೇಶದ ನಾವಿಕರೆಲ್ಲ ದಡದಲ್ಲೇ ನಿಂತಿದ್ದರು. ಕ್ಯಾಪ್ಟನ್ ಇವರ ಕಣ್ಣು ತಪ್ಪಿಸಿದರು.

"ಎಂಜಿನ್ ಗುಂಡುಕಲ್ಲಿನ ಹಾಗಿದೆಯಲ್ಲಮ್ಮ, ಎಳೆಯೋದ್ಯಾಕೆ? ನಿನ್ನ ಹುಡುಗರು ಯಾವಾಗ ಹತ್ತೋದು?" ಎಂದರು ಚೀಫರು, ಪಕ್ಕದಲ್ಲಿ ನಿಂತಿದ್ದ ಎಂಜಿನಿಯರ್ ಹುಡುಗಿಗೆ.

ಹುಡುಗಿ ಅವರತ್ತ ತಿರುಗಿದಳು. ಅವರ ಎರಡೂ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಯಾರೂ ಹತ್ತೋದಿಲ್ಲ, ಅಜ್ಜ. ಹೊಸ ಕ್ಷಿಪಣಿ ಪರೀಕ್ಷೆಗೆ ನಮಗೊಂದು ಗುರಿ ಬೇಕಿತ್ತು. ಅವಳು ಹೆಚ್ಚು ಹೊತ್ತು ನರಳಲ್ಲ. ನೀವು ತೋರಿಸಿದ ಗೋಡೆಗೇ ಹೊಡೀತೀವಿ, ಒಂದೇ ಏಟು."