ಅಮ್ಮ ಆಫ್ ಮಾಡಿಟ್ಟ ಮೈಕ್

ಬೀಡಿ ಎಲೆಯ ವಾಸನೆ ಬಂದರೆ ಈಗಲೂ ನನಗೆ ಹಿರಿಯಡ್ಕದ ಆ ಮಧ್ಯಾಹ್ನ ನೆನಪಾಗುತ್ತದೆ. ಕೊರೊನಾದಿಂದ ಶಾಲೆ ಮುಚ್ಚಿತ್ತು. ನನ್ನ ಐದನೇ ಕ್ಲಾಸಿನ ಇಂಗ್ಲಿಷ್ ಮೀಡಿಯಂ ಪಾಠವೆಲ್ಲ ಅಮ್ಮನ ಮೊಬೈಲಿನಲ್ಲಿ ನಡೆಯುತ್ತಿತ್ತು. ಮನೆಯಲ್ಲಿ ಆಡುವ ತುಳು ಮಾತು ಟೀಚರಿಗೆ ಕೇಳಬಾರದೆಂದು ಬೀಡಿ ಕಟ್ಟುತ್ತಾ ಪಕ್ಕದಲ್ಲೇ ಕೂತ ಅಮ್ಮ ದಿನವೂ ಮೈಕ್ ಆಫ್ ಮಾಡಿಡುತ್ತಿದ್ದಳು. ತಿಂಗಳುಗಟ್ಟಲೆ ನಾನು ಬಾಯಿಯೇ ತೆರೆಯಲಿಲ್ಲ.

ಅವತ್ತು ಮಧ್ಯಾಹ್ನ ಟೀಚರ್ ಫೋನ್ ಮಾಡಿ, ಅಮ್ಮ ಸ್ಪೀಕರ್ ಹಾಕಿದಾಗ, ನನ್ನ ಹತ್ತಿರ ಇಂಗ್ಲಿಷಿನಲ್ಲಿ ಏನೋ ಕೇಳಿದರು.

"ಹೇಳು ಮಗಾ, ಹೆದರಬೇಡ," ಅಂದಳು ಅಮ್ಮ.

ನನಗೆ ಒಂದು ಶಬ್ದವೂ ಬರಲಿಲ್ಲ.

"ಇವಳಿಗೆ ಇಲ್ಲಿ ಕಷ್ಟ ಉಂಟು. ಈಗಲೇ ಕನ್ನಡ ಮೀಡಿಯಂಗೆ ಹಾಕಿ," ಅಂದರು ಟೀಚರ್.

"ಎಂತ ಟೀಚರೇ, ಇವಳು ಒಂದು ಕ್ಲಾಸೂ ತಪ್ಪಿಸಿಲ್ಲ ಅಲ್ವಾ?" ಅಮ್ಮ ಕೇಳಿದಳು.

ಮರುದಿನ ಹತ್ತು ಗಂಟೆಗೆ ಅವಳು ಎಂದಿನಂತೆ ಮೊಬೈಲನ್ನು ಕಿಟಕಿಗೆ ಒರಗಿಸಿ ನನ್ನನ್ನು ಕೂರಿಸಿದಳು. ಟೀಚರ್ ದಿನವೂ ಕಳಿಸುತ್ತಿದ್ದ ಕ್ಲಾಸಿನ ಲಿಂಕ್ ಆ ದಿನ ಬರಲಿಲ್ಲ.