ಟವೆಲಿನೊಳಗಿನ ಬ್ರಶ್

"ಸೆಕ್ರೆಟರಿ ಆಗಲು ಮನಸ್ಸಿಲ್ಲದವರು ಕೈ ಎತ್ತಿ," ಎಂದು ಚೇರ್ಮನ್ ಹೇಳಿದ್ದೇ ತಡ, ಡೊಂಬಿವಲಿಯ ಆ ಹೌಸಿಂಗ್ ಸೊಸೈಟಿ ಮೀಟಿಂಗಿನಲ್ಲಿ ಎಲ್ಲರ ಕೈಗಳೂ ಮೇಲೆದ್ದವು. ಕಿಟ್ಟಣ್ಣನವು ಮಾತ್ರ ಏಳಲಿಲ್ಲ.

ಬೆಳಿಗ್ಗೆಯಷ್ಟೇ ಅವನು ಅಪ್ಪನ ಶೇವಿಂಗ್ ಬ್ರಶ್ಶಿನ ಸವೆದ ಕೂದಲ ಗೊಂಚಲನ್ನು ಕಿತ್ತು, ಹಿಡಿಕೆಗೆ ಹೊಸದನ್ನು ಕೂರಿಸಲು ಹೋಗಿದ್ದ. ಗಮ್ ಉಕ್ಕಿ ಎರಡೂ ಅಂಗೈಗಳು ಬ್ರಶ್ಶಿಗೇ ಅಂಟಿಕೊಂಡವು, ಬಿಸಿನೀರಿಗೂ ಬಿಡಲಿಲ್ಲ. ಮೀಟಿಂಗಿಗೆ ಬಾರದವರೇ ಸೆಕ್ರೆಟರಿ ಎಂದು ನೋಟಿಸಿನಲ್ಲಿ ಬರೆದಿದ್ದರಿಂದ, ಕೈಗಳ ಮೇಲೆ ಟವೆಲ್ ಹೊದಿಸಿಕೊಂಡು ಬಂದು ಕೂತಿದ್ದ.

"ಎತ್ತಿ ಮಾರಾಯ್ರೆ," ಪಕ್ಕದಲ್ಲಿದ್ದ ಹೆಂಡತಿ ಜಲಜಾಕ್ಷಿ ಪಿಸುಗುಟ್ಟಿದಳು.

"ಎತ್ತಿದ್ರೆ ಟವೆಲ್ ಜಾರ್ತದೆ. ಇಡೀ ಬಿಲ್ಡಿಂಗ್ ನಗ್ತದೆ."

ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಜಲಜಾಕ್ಷಿ ತಾನು ಎತ್ತಿದ್ದ ಕೈಯನ್ನು ಇಳಿಸಿ, ಎಲ್ಲರೊಂದಿಗೆ ಚಪ್ಪಾಳೆ ತಟ್ಟುತ್ತಲೇ ಹೇಳಿದಳು: "ಇನ್ನು ದಿನಾ ಶೇವ್ ಮಾಡ್ಬೇಕಾಗ್ತದೆ, ಸೆಕ್ರೆಟರಿಯವರೇ."