ಕಾಲು ಕಟ್ಟಿಹಾಕುವ ರಾಗ

"ಇವತ್ತೂ ಗಿರಾಕಿಗಳು ನಿಲ್ಲದಿದ್ರೆ ನಿನ್ನ ದಾರಿ ನಿನಗೆ" ಎಂದು ಭಾವ ಹೇಳಿಯಾಗಿತ್ತು.

ಹೆಂಡತಿಯ ತಮ್ಮನೆಂಬ ಒಂದೇ ಕಾರಣಕ್ಕೆ ಅವನು ಈ ಪಿಟೀಲುಗಾರನನ್ನು ತನ್ನ ದಿನಸಿ ಮಳಿಗೆಯಲ್ಲಿ ಒಂದು ತಿಂಗಳ ಮಟ್ಟಿಗೆ ಇಟ್ಟುಕೊಂಡಿದ್ದ. ಹಿನ್ನೆಲೆ ಸಂಗೀತ ನಿಧಾನವಾದರೆ ಗಿರಾಕಿಯ ಕಾಲೂ ನಿಧಾನ, ಕಾಲು ನಿಧಾನವಾದರೆ ಬುಟ್ಟಿ ಭರ್ತಿ ಎಂದು ಎಲ್ಲೋ ಓದಿದ್ದ. ತಿಂಗಳು ಮುಗಿಯುತ್ತ ಬಂದರೂ ಜನ ಹತ್ತೇ ನಿಮಿಷಕ್ಕೆ ಹೊರಬೀಳುತ್ತಿದ್ದರು.

ಬೇರೆಲ್ಲೂ ಕೆಲಸ ಸಿಗದ ಪಿಟೀಲುಗಾರ ವಾರವಿಡೀ ಕೂತು ಹೊಸ ರಾಗವೊಂದನ್ನು ಹೊಸೆದಿದ್ದ. ಅದರ ಒಂದು ಸ್ವರ ಮುಗಿದು ಇನ್ನೊಂದು ಬರುವುದರೊಳಗೆ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದಿತ್ತು. ಗಲ್ಲಾದಲ್ಲಿ ಕೂತು ಬಿಲ್ ಹಾಕುವ ಅಕ್ಕನಿಗೆ ಬೆಳಗ್ಗೆ ಅದನ್ನು ಕೇಳಿಸಿದ. ಅವಳು ಹಣೆ ಒತ್ತಿಕೊಂಡಳು.

"ನಾನಿದ್ದೀನಲ್ಲ. ನೀನು ಮೇಲೆ ಹೋಗಿ ಧೈರ್ಯವಾಗಿ ನುಡಿಸು."

ಮಹಡಿಯ ಕೋಣೆಯಲ್ಲಿ ಅವನು ಮೈಕಿನ ಮುಂದೆ ಕೂತ. ಪಕ್ಕದ ಮೇಜಿನಲ್ಲಿ ಭಾವ. ಕೆಳಗೆ ಬಾಗಿಲಲ್ಲಿ ನಿಂತ ಕಾವಲುಗಾರ ಗಿರಾಕಿಗಳು ಬಂದ ಹೊತ್ತು, ಹೋದ ಹೊತ್ತು ಎರಡನ್ನೂ ಫೋನಿನಲ್ಲಿ ಒಪ್ಪಿಸುತ್ತಿದ್ದ. ಭಾವ ಬರೆದುಕೊಳ್ಳುತ್ತಿದ್ದ. ಅವನಿಗೆ ಕಣ್ಣಿಗಿಂತ ಗಡಿಯಾರದ ಮೇಲೆ ನಂಬಿಕೆ ಜಾಸ್ತಿ.

ಮೊದಲ ಗಿರಾಕಿ ಹೊರಬಂದಾಗ ನಲವತ್ತು ನಿಮಿಷವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಅದು ಒಂದು ಗಂಟೆ ದಾಟಿತು. ಹೊರಬಂದವರೆಲ್ಲ ಉದ್ದಕ್ಕೆ ನಿಟ್ಟುಸಿರು ಬಿಡುತ್ತಾರೆಂದೂ, ಹಿರಿಯರೊಬ್ಬರು ಗೋಡೆ ಹಿಡಿದು ಕಣ್ಣುಮುಚ್ಚಿ ನಿಂತುಬಿಟ್ಟರೆಂದೂ ಕಾವಲುಗಾರ ಸೇರಿಸಿದ. ತನ್ನ ಸಂಗೀತಕ್ಕೆ ಯಾರಾದರೂ ಇಷ್ಟು ಕರಗಿದ್ದನ್ನು ಪಿಟೀಲುಗಾರ ಈ ಜನ್ಮದಲ್ಲಿ ಕೇಳಿರಲಿಲ್ಲ. ಕಮಾನನ್ನು ಇನ್ನಷ್ಟು ನಿಧಾನವಾಗಿ ಎಳೆದ.

ಮೂರು ಗಂಟೆಗೆ ಭಾವ ಪೆನ್ನು ಕೆಳಗಿಟ್ಟ.

"ಹಿತ್ತಲ ಗಿಡ ಮದ್ದಲ್ಲ ಅಂದ್ಕೊಂಡಿದ್ದೆ, ತಪ್ಪಾಯ್ತಪ್ಪ. ನಾಳೆಯಿಂದ ನೀನು ಖಾಯಂ."

ಸುದ್ದಿ ಹೇಳಲು ಪಿಟೀಲುಗಾರ ಎರಡೆರಡು ಮೆಟ್ಟಿಲು ಹಾರಿ ಕೆಳಗಿಳಿದ. ಸಾಮಾನಿನ ಕಪಾಟುಗಳ ಬಳಿ ಒಬ್ಬರೂ ಇರಲಿಲ್ಲ. ಮಳಿಗೆಯ ಹಿಂಗೋಡೆ ಬಳಸಿ ಬಂದ ಉದ್ದನೆಯ ಸಾಲೊಂದು ಗಲ್ಲಾದ ಮುಂದೆ ನಿಂತಿತ್ತು. ಅಲ್ಲಿ ಅಕ್ಕ ಒಂದು ಸಾಬೂನನ್ನು ಹಿಡಿದು, ಅದರ ಹೊದಿಕೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದುತ್ತಿದ್ದಳು. ಬೆಳಗ್ಗೆಯೇ ಕಿತ್ತ ಸ್ಪೀಕರಿನ ತಂತಿ ಅವಳ ಕಾಲ ಬಳಿ ಅಚ್ಚುಕಟ್ಟಾಗಿ ಸುತ್ತಿಕೊಂಡು ಬಿದ್ದಿತ್ತು.

ತಮ್ಮನ ಮುಖ ನೋಡಿ ಅವಳು ಮೆಲ್ಲಗೆ ಕೇಳಿದಳು: "ಖಾಯಂ ಆಯ್ತಾ? ಸರಿ, ಹಾಗಾದ್ರೆ ಇನ್ನು ಬೇಗ ಬೇಗ ಬಿಲ್ ಹಾಕ್ತೀನಿ."